ಬಿಯರ್ ಕಿಟ್ ತರಿಸುವ ಮುಂಚೆ ಒಂದು ಶುಂಠಿ ಹೆಪ್ಪು ಕಟ್ಟಿ ನೋಡಿ

ಅಣ್ಣಾ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಉದ್ದಕ್ಕೆ ಬರೆಯಬೇಕು ಅನಿಸಿತು, ಹಾಗಾಗಿ ತೋಟದ ಕೆಲಸ ಮುಗಿಸಿ ಈಗ ಕೂತಿದ್ದೇನೆ. ಮನೆಯಲ್ಲೇ ಬಿಯರ್ ಮಾಡುವ ಕಿಟ್ಟನ್ನು ಆನ್‌ಲೈನ್‌ನಲ್ಲಿ ನೋಡಿದ್ದೀರಿ. ಅದನ್ನು ಮುಳ್ಳೇರಿಯಕ್ಕೆ ತರಿಸಬಹುದಾ, ಅಂಗಡಿಯ ಬಾರ್ಲಿಯಲ್ಲಿ ಆಗುತ್ತದಾ, ತೋಟದಲ್ಲಿ ಶುಂಠಿ ಇದೆ ಅದನ್ನೂ ಹಾಕಬಹುದಾ ಅಂತ ಕೇಳಿದ್ದೀರಿ. ಒಂದಿಬ್ಬರು "ತರಿಸಿ, ಏನೂ ಆಗುವುದಿಲ್ಲ" ಅಂತ ಬರೆದಿದ್ದಾರೆ. ನಾನು ಹಾಗೆ ಹೇಳಲಾರೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ನಾವಿರುವುದು ಕೇರಳದ ಕಾಸರಗೋಡಿನಲ್ಲಿ. ಇಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಬ್ಕಾರಿ ಕಾಯ್ದೆಯ 55ನೇ ಸೆಕ್ಷನ್‌ಗೆ ಬರುತ್ತದೆ. 10 ವರ್ಷದವರೆಗೆ ಜೈಲು, 1 ಲಕ್ಷಕ್ಕೆ ಕಡಿಮೆ ಇಲ್ಲದ ದಂಡ. ತಯಾರಿಸುವ ಉದ್ದೇಶದಿಂದ ಸಾಮಾನು, ಪಾತ್ರೆ ಇಟ್ಟುಕೊಂಡರೂ ಅದೇ ಸೆಕ್ಷನ್. "ಮನೆಯಲ್ಲಿ ಕುಡಿಯಲಿಕ್ಕೆ, ಮಾರಲಿಕ್ಕಲ್ಲ" ಅಂದರೆ ಬಿಟ್ಟುಬಿಡುತ್ತಾರೆ ಅಂತ ನಂಬಬೇಡಿ. ಪೇಪರಿನಲ್ಲಿ ವಾರಕ್ಕೊಮ್ಮೆಯಾದರೂ "ಹುಳಿರಸ ವಶ" ಅಂತ, ಅಂದರೆ ಕಳ್ಳಭಟ್ಟಿಗೆ ಹುದುಗಿಸಿಟ್ಟ ರಸ ಹಿಡಿದ ಸುದ್ದಿ ನೋಡುತ್ತೇವಲ್ಲ, ಅಬಕಾರಿಯವರ ಕಣ್ಣಿಗೆ ನಿಮ್ಮ ಬಕೆಟ್ ಕೂಡ ಅದೇ. ಗಡಿ ದಾಟಿ ತಲಪಾಡಿಯ ಆಚೆ ಮಾಡುತ್ತೇನೆ ಅಂದರೂ ಆಗದು, ಕರ್ನಾಟಕದಲ್ಲೂ ಲೈಸೆನ್ಸ್ ಬೇಕು. ಗುಂಪಿನಲ್ಲಿ ಗಲ್ಫಿನಲ್ಲಿರುವವರು ತುಂಬ ಜನ ಇದ್ದೀರಿ. ಕುವೈಟ್, ಸೌದಿಯ ರೂಮಿನಲ್ಲಿ ಇದನ್ನು ಮಾಡಿ ನೋಡುವ ಯೋಚನೆಯೇ ಬೇಡ. ನಿಜವಾಗಿ ಉದ್ಯಮವಾಗಿ ಮಾಡುವ ಮನಸ್ಸಿದ್ದರೆ, ಇಲ್ಲಿನ ಹಣ್ಣುಗಳಿಂದ ಕಡಿಮೆ ಆಲ್ಕೋಹಾಲಿನ ವೈನ್ ಮಾಡಲು ಕೇರಳ ಸರಕಾರ 2022ರಲ್ಲಿ ಸಣ್ಣ ವೈನರಿಗಳ ನಿಯಮ ತಂದಿದೆ. ಅದು ಲೈಸೆನ್ಸಿನ ದಾರಿ.

ಆದರೆ ನಿಮ್ಮ ಪ್ರಶ್ನೆಯಲ್ಲಿ ಕುಡಿಯುವ ಆಸೆಗಿಂತ ಕಲಿಯುವ ಆಸೆ ಜಾಸ್ತಿ ಕಂಡಿತು. "ಅದು ಹೇಗೆ ಹುದುಗುತ್ತದೆ, ನೊರೆ ಎಲ್ಲಿಂದ ಬರುತ್ತದೆ ಅಂತ ನೋಡಬೇಕು" ಅಂತ ಬರೆದಿದ್ದೀರಿ. ಅದನ್ನು ಕಲಿಯಲು ಕಿಟ್ ಬೇಡ. ಬಿಯರಿನ ಅರ್ಧ ವಿದ್ಯೆ ನಮ್ಮ ಅಡಿಗೆಮನೆಯಲ್ಲೇ ಇದೆ.

ಬಾರ್ಲಿಯಿಂದ ಶುರು ಮಾಡೋಣ. ಅಂಗಡಿಯಲ್ಲಿ ಸಿಗುವ ಬಿಳಿ ಬಾರ್ಲಿ ಆಗುವುದಿಲ್ಲ. ಅದರ ಸಿಪ್ಪೆ ಉಜ್ಜಿ ತೆಗೆದಿರುತ್ತಾರೆ, ಮೊಳಕೆ ಬರುವ ಕಣ್ಣೂ ಹೋಗಿರುತ್ತದೆ. ಬಿಯರಿಗೆ ಬೇಕಾದ್ದು ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು. ಮೊಳಕೆ ಬರುವಾಗ ಕಾಳಿನೊಳಗೆ ಅಮೈಲೇಸ್ ಅನ್ನುವ ಕಿಣ್ವ ಹುಟ್ಟುತ್ತದೆ. ಅದು ಹಿಟ್ಟನ್ನು ಸಕ್ಕರೆ ಮಾಡುತ್ತದೆ. ಹುದುಗು ಬರಿಸುವ ಸೂಕ್ಷ್ಮಜೀವಿ ಯೀಸ್ಟ್ ತಿನ್ನುವುದು ಸಕ್ಕರೆಯನ್ನು, ಹಿಟ್ಟನ್ನಲ್ಲ.

ಇದನ್ನು ಕಣ್ಣಾರೆ ನೋಡಬೇಕಾ? ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಮೊಳಕೆ ಬರಿಸಿ, ಬಿಸಿಲಲ್ಲಿ ಒಣಗಿಸಿ ಪುಡಿ ಮಾಡಿ. ಹುರಿಯಬೇಡಿ, ಹುರಿದರೆ ಕಿಣ್ವ ಸಾಯುತ್ತದೆ. ಈಗ ಮಾಮೂಲಿ ರಾಗಿಹಿಟ್ಟಿನ ಗಂಜಿ ಗಟ್ಟಿಯಾಗಿ ಕಾಯಿಸಿ. ಕುದಿ ನಿಂತು 65 ಡಿಗ್ರಿಗೆ ಇಳಿದಾಗ ಎರಡು ಚಮಚ ಮೊಳಕೆ ಪುಡಿ ಕಲಸಿ ಮುಚ್ಚಿಡಿ. ಥರ್ಮಾಮೀಟರ್ ಇಲ್ಲದಿದ್ದರೆ, ಬೆರಳು ಮುಟ್ಟಿಸಿದ ಕೂಡಲೇ ತೆಗೆಯಬೇಕು ಅನಿಸುವ ಬಿಸಿ ಅಂತ ಇಟ್ಟುಕೊಳ್ಳಿ. ಕಾಲು ಗಂಟೆ, ಇಪ್ಪತ್ತು ನಿಮಿಷ ಬಿಟ್ಟು ನೋಡಿ. ಸೌಟು ನಿಲ್ಲುತ್ತಿದ್ದ ಗಂಜಿ ನೀರಾಗಿರುತ್ತದೆ, ಬಾಯಿಗೆ ಸಿಹಿ ಬರುತ್ತದೆ. ಬಿಯರ್ ಮಾಡುವವರು ಬಾರ್ಲಿ ಮಾಲ್ಟನ್ನು 65ರಿಂದ 68 ಡಿಗ್ರಿಯಲ್ಲಿ ಒಂದು ಗಂಟೆ ಇಡುವುದು ಇದೇ ಕೆಲಸಕ್ಕೆ. ಮಗುವಿಗೆ ಮೊಳಕೆ ರಾಗಿಯ ಮಣ್ಣಿ ಕಾಯಿಸುವ ಅಮ್ಮಂದಿರಿಗೆ ಇದು ಹೊಸತಲ್ಲ.

ಆಮೇಲೆ ಹಾಪ್ಸ್ ಹಾಕಿ ಕುದಿಸುತ್ತಾರೆ. ಬಿಯರಿನ ಕಹಿ ಅದರದ್ದು. ಅದು ಚಳಿ ಪ್ರದೇಶದ ಬಳ್ಳಿ, ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಡೆ ಬೆಳೆದದ್ದಿದೆ. ನಮ್ಮ ಕಂಗಿನ ತೋಟಕ್ಕೆ ಅಲ್ಲ.

ನಮ್ಮ ಸೆಕೆಯೂ ಬಿಯರಿಗೆ ಹೊಂದುವುದಿಲ್ಲ. ಬಿಯರಿನಲ್ಲಿ ಏಲ್, ಲಾಗರ್ ಅಂತ ಎರಡು ಮುಖ್ಯ ಬಗೆ. ಸಾಮಾನ್ಯ ಏಲ್ ಯೀಸ್ಟಿಗೆ 18ರಿಂದ 22 ಡಿಗ್ರಿ ಬೇಕು, ಲಾಗರ್ ಯೀಸ್ಟಿಗೆ 8ರಿಂದ 12. ಏಪ್ರಿಲ್ ಮೇಯಲ್ಲಿ ನಮ್ಮ ಉಗ್ರಾಣದ ಒಳಗೇ 32 ಡಿಗ್ರಿ ಇರುತ್ತದೆ. ಆ ಬಿಸಿಗೆ ಏಲ್ ಯೀಸ್ಟ್ ಹುಚ್ಚೆದ್ದು ಕೆಲಸ ಮಾಡಿ ಥಿನ್ನರ್ ತರದ ವಾಸನೆ ಬಿಡುತ್ತದೆ. ನಾರ್ವೆಯ ಹಳ್ಳಿಮನೆಗಳಲ್ಲಿ ತಲೆಮಾರಿನಿಂದ ಉಳಿಸಿಕೊಂಡು ಬಂದ ಕ್ವೈಕ್ ಅನ್ನುವ ಯೀಸ್ಟ್ 35 ಡಿಗ್ರಿಯಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಅಷ್ಟು ಚಳಿ ದೇಶದವರ ಯೀಸ್ಟಿಗೆ ಇಷ್ಟು ಬಿಸಿ ಇಷ್ಟ ಅಂತ ಓದಿದಾಗ ನನಗೆ ಬಹಳ ಆಶ್ಚರ್ಯವಾಗಿತ್ತು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿ. ನಿಮ್ಮ ತೋಟದ ಶುಂಠಿಯಿಂದ ನೊರೆ ಬರುವ ಶುಂಠಿ ಪಾನಕ ಮಾಡಿ. ಇಂಗ್ಲೆಂಡಿನಲ್ಲಿ ಇದನ್ನು ಜಿಂಜರ್ ಬಿಯರ್ ಅಂತಲೇ ಕರೆದರು, 18ನೇ ಶತಮಾನದಿಂದ ಮಾಡುತ್ತಿದ್ದಾರೆ. ಅದರ ಹೆಪ್ಪಿನಲ್ಲಿ ಯೀಸ್ಟೂ ಬ್ಯಾಕ್ಟೀರಿಯಾವೂ ಜೊತೆಯಾಗಿ ಬದುಕುತ್ತವೆ ಅಂತ ಮಾರ್ಷಲ್ ವಾರ್ಡ್ ಎಂಬ ವಿಜ್ಞಾನಿ 1892ರಲ್ಲೇ ತೋರಿಸಿದ್ದರು. ನಾವು ಹಾಲಿಗೆ ಹೆಪ್ಪು ಹಾಕುತ್ತೇವಲ್ಲ, ಹಾಗೆಯೇ ಇದಕ್ಕೂ ಒಂದು ಹೆಪ್ಪು ಬೇಕು. ಅದನ್ನು ನಾವೇ ಕಟ್ಟಿಕೊಳ್ಳುವುದು.

ಅಗಲ ಬಾಯಿಯ ಗಾಜಿನ ಭರಣಿ ತೆಗೆದುಕೊಳ್ಳಿ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರು, ಒಂದು ದೊಡ್ಡ ಚಮಚ ಸಕ್ಕರೆ, ಸಿಪ್ಪೆ ಸಮೇತ ತುರಿದ ಹಸಿ ಶುಂಠಿ ಒಂದು ದೊಡ್ಡ ಚಮಚ. ಸಿಪ್ಪೆ ತೆಗೆಯಬೇಡಿ, ಯೀಸ್ಟ್ ಇರುವುದೇ ಅದರ ಮೇಲೆ. ಮಣ್ಣು ಹೋಗುವಷ್ಟು ತೊಳೆದರೆ ಸಾಕು. ಬಾಯಿಗೆ ತೆಳು ಬಟ್ಟೆ ಕಟ್ಟಿ, ಇಲ್ಲದಿದ್ದರೆ ನೊರಜು ಮುತ್ತುತ್ತದೆ. ದಿನಾ ಅಷ್ಟೇ ಶುಂಠಿ, ಅಷ್ಟೇ ಸಕ್ಕರೆ ಹಾಕಿ, ಬೆಳಿಗ್ಗೆ ಸಂಜೆ ಕಲಕಿ. ನಮ್ಮ ಸೆಕೆಗೆ ಮೂರು ನಾಲ್ಕು ದಿನದಲ್ಲಿ ಗುಳ್ಳೆ ಏಳುತ್ತದೆ. ಮಳೆಗಾಲದಲ್ಲಿ ಒಂದೆರಡು ದಿನ ಜಾಸ್ತಿ. ಕಲಕಿದಾಗ ಸೋಡಾದ ಹಾಗೆ ಸಣ್ಣಗೆ ಶಬ್ದ ಬರುತ್ತದೆ, ಆ ಶಬ್ದ ಕೇಳಿದರೆ ಹೆಪ್ಪು ಕಟ್ಟಿತು ಅಂತ ಅರ್ಥ. ಮೊದಲ ಸಲ ಅದನ್ನು ಕೇಳುವ ಖುಷಿಯೇ ಬೇರೆ.

ಶುಂಠಿ ಯಾವುದು ಅನ್ನುವುದು ಬಹಳ ಮುಖ್ಯ. ನೀವು ಕೃಷಿಕರು, ಬಿತ್ತನೆಗೆ ಇಟ್ಟ ಶುಂಠಿಯನ್ನು ಮ್ಯಾಂಕೋಜೆಬ್‌ನಲ್ಲಿ ಅದ್ದಿರುತ್ತೀರಿ. ಅದರಲ್ಲಿ ಉಳಿದದ್ದನ್ನು ಯಾವ ಕಾರಣಕ್ಕೂ ಇದಕ್ಕೆ ಬಳಸಬೇಡಿ. ಅದು ವಿಷ, ಮೇಲಾಗಿ ಶಿಲೀಂಧ್ರ ಕೊಲ್ಲುವ ಮದ್ದು, ಯೀಸ್ಟ್ ಕೂಡ ಶಿಲೀಂಧ್ರವೇ. ಹಾಗೆಯೇ ಅಡಿಕೆಗೆ ಸಿಂಪಡಿಸುವ ಬೋರ್ಡೋ ಮದ್ದು ಕಲಸಿದ ಬಕೆಟ್, ಡ್ರಮ್ಮು ಎಷ್ಟು ತೊಳೆದರೂ ಬೇಡ. ಡಿಸೆಂಬರ್ ಜನವರಿಯಲ್ಲಿ ಅಗೆದ ಹೊಸ ಶುಂಠಿ, ಮದ್ದು ಮುಟ್ಟದ್ದು, ಒಂದೆರಡು ಕಿಲೋ ಬೇರೆಯಾಗಿ ತೆಗೆದಿಡಿ.

ನನ್ನ ಮೊದಲ ಎರಡು ಹೆಪ್ಪು ಸತ್ತೇ ಹೋದವು. ವಾರವಾದರೂ ಒಂದು ಗುಳ್ಳೆ ಇಲ್ಲ. ಶುಂಠಿ ಬದಲಾಯಿಸಿದೆ, ಸಕ್ಕರೆ ಬದಲಾಯಿಸಿದೆ. ಕೊನೆಗೆ ಹೊಳೆಯಿತು: ಮಳೆ ಶುರುವಾದ ಮೇಲೆ ನಮ್ಮ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೆವು. ಕ್ಲೋರಿನ್ ಇದ್ದ ನೀರಿನಲ್ಲಿ ಯೀಸ್ಟ್ ಹೇಗೆ ಏಳಬೇಕು? ಈಗ ನೀರನ್ನು ಹತ್ತು ನಿಮಿಷ ಕುದಿಸಿ, ಒಂದು ರಾತ್ರಿ ಬಟ್ಟೆ ಮುಚ್ಚಿ ಇಡುತ್ತೇನೆ. ಮತ್ತೆ ಆ ತೊಂದರೆ ಬಂದಿಲ್ಲ.

ಪಾನಕಕ್ಕೆ ಎರಡು ಲೀಟರಿನ ಅಳತೆ ಹೇಳುತ್ತೇನೆ. 100 ಗ್ರಾಂ ಶುಂಠಿ ಜಜ್ಜಿ, 160 ಗ್ರಾಂ ಸಕ್ಕರೆ ಹಾಕಿ, ಒಂದು ಲೀಟರ್ ನೀರಿನಲ್ಲಿ ಕಾಲು ಗಂಟೆ ಕುದಿಸಿ. ಖಾರ ಇಷ್ಟವಿದ್ದರೆ ಎರಡು ಗಾಂಧಾರಿ ಮೆಣಸು ಸೀಳಿ ಹಾಕಿ, ಗಂಟಲಿಗೆ ಬಹಳ ಹಿತ. ಇಳಿಸಿ, ಕುದಿಸಿ ಆರಿಸಿದ ಇನ್ನೊಂದು ಲೀಟರ್ ನೀರು ಸೇರಿಸಿ. ಪೂರ್ತಿ ತಣಿದ ಮೇಲೆ ಸೋಸಿ, ಎರಡು ಲಿಂಬೆಯ ರಸ, ಸೋಸಿದ ಹೆಪ್ಪಿನ ನೀರು ಒಂದು ಲೋಟ. ಬಿಸಿ ಇರುವಾಗ ಹೆಪ್ಪು ಹಾಕಿದರೆ ಮೊಸರಿಗೆ ಆಗುವ ಗತಿಯೇ ಇದಕ್ಕೂ. ಹೆಪ್ಪಿನಲ್ಲಿ ಕಡಿಮೆಯಾದಷ್ಟು ನೀರು, ಜೊತೆಗೆ ಸಕ್ಕರೆ, ಶುಂಠಿ ತುಂಬಿಸಿ ಫ್ರಿಜ್ಜಿನಲ್ಲಿಟ್ಟರೆ ವಾರಕ್ಕೊಮ್ಮೆ ಊಟ ಕೊಟ್ಟರೆ ಸಾಕು.

ಇನ್ನು ಬಾಟಲಿ. ಇದನ್ನು ದಯವಿಟ್ಟು ಎರಡು ಸಲ ಓದಿ.

ಸಕ್ಕರೆ ಹುದುಗಿದಾಗ ಅದರ ತೂಕದ ಹೆಚ್ಚುಕಡಿಮೆ ಅರ್ಧ ಆಲ್ಕೋಹಾಲ್ ಆಗುತ್ತದೆ, ಇನ್ನರ್ಧ ಗ್ಯಾಸ್. ಒಂದು ಲೀಟರಿಗೆ 5 ಗ್ರಾಂ ಗ್ಯಾಸ್ ಕರಗಿದ್ದರೆ ಬಿಯರಿನಷ್ಟು ನೊರೆ ಬರುತ್ತದೆ. ಅಂದರೆ ಲೀಟರಿಗೆ 10 ಗ್ರಾಂ ಸಕ್ಕರೆ ಹುದುಗಿದರೆ ಸಾಕು. ನಮ್ಮ ಬಾಟಲಿಯಲ್ಲಿ ಇರುವುದು 80 ಗ್ರಾಂ. ಮುಚ್ಚಳ ಹಾಕಿ ಮರೆತರೆ ಬೇಕಾದ್ದಕ್ಕಿಂತ ಎಂಟು ಪಟ್ಟು ಗ್ಯಾಸ್. ಗಾಜು ಅದನ್ನು ತಡೆಯುವುದಿಲ್ಲ.

ಒಂದು ಮೇ ತಿಂಗಳಲ್ಲಿ ಮದುವೆಗೆಂದು ಮೂರು ದಿನ ಮನೆ ಬಿಟ್ಟಿದ್ದೆವು. ಗಾಜಿನ ಬಾಟಲಿಗಳಲ್ಲಿ ತುಂಬಿಸಿ ಉಗ್ರಾಣದಲ್ಲಿಟ್ಟಿದ್ದೆ. ಬಂದು ನೋಡಿದರೆ ನಾಲ್ಕು ಬಾಟಲಿ ಒಡೆದಿತ್ತು. ಗಾಜಿನ ಚೂರು ಅಡಿಕೆ ಗೋಣಿಯೊಳಗೆ ನೆಟ್ಟಿತ್ತು. ಮಕ್ಕಳು ಆಡುವ ಜಾಗ ಅದು. ಆ ದಿನ ಮನೆಯಲ್ಲಿ ಯಾರೂ ಇರಲಿಲ್ಲ ಅಂತ ಈಗಲೂ ದೇವರಿಗೆ ಕೈ ಮುಗಿಯುತ್ತೇನೆ. ಅಲ್ಲಿಂದ ಮತ್ತೆ ಗಾಜು ಮುಟ್ಟಿಲ್ಲ.

ಸೋಡಾ, ಕೋಲಾ ಬಂದ ಪ್ಲಾಸ್ಟಿಕ್ ಬಾಟಲಿಯನ್ನೇ ಬಳಸಿ. ನೀರಿನ ಬಾಟಲಿ ತೆಳು, ಅದು ಬೇಡ. ಕುದಿಯುವ ನೀರು ಹಾಕಿದರೆ ಸುರುಟುತ್ತದೆ, ಕೈ ತಾಳುವ ಬಿಸಿಯಲ್ಲಿ ತೊಳೆಯಿರಿ, ಸೋಪಿನ ಜಿಡ್ಡು ಉಳಿಯಬಾರದು. ಮೇಲೆ ಎರಡು ಬೆರಳು ಜಾಗ ಬಿಟ್ಟು ತುಂಬಿಸಿ. ಹೊರಗೆ ಇಟ್ಟು ಆರು ಗಂಟೆಗೊಮ್ಮೆ ಒತ್ತಿ ನೋಡಿ. ಕಲ್ಲಿನ ಹಾಗೆ ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ. ಬೇಸಿಗೆಯಲ್ಲಿ ಒಂದು ದಿನ, ಕೆಲವೊಮ್ಮೆ ಅದೂ ಬೇಡ. ಮಳೆಗಾಲದಲ್ಲಿ ಎರಡು ದಿನ. ತಣ್ಣಗಾದ ಮೇಲೆಯೇ, ನಿಧಾನಕ್ಕೆ ತಿರುಗಿಸಿ ತೆರೆಯಿರಿ. ನಾಲ್ಕೈದು ದಿನದಲ್ಲಿ ಮುಗಿಸಿ.

ಅದೇ ಲೆಕ್ಕ ಆಲ್ಕೋಹಾಲಿಗೂ ಬರುತ್ತದೆ. ಲೀಟರಿಗೆ 10 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 0.6ರ ಆಸುಪಾಸು. ಪೂರ್ತಿ 80 ಗ್ರಾಂ ಹುದುಗಲು ಬಿಟ್ಟರೆ ಶೇಕಡಾ 5, ಅದು ಬಿಯರೇ ಆಯಿತು. ಬಾಟಲಿ ಗಟ್ಟಿಯಾದ ಕೂಡಲೇ ತಣ್ಣಗೆ ಮಾಡುವುದು ಅಂದರೆ ಒಡೆಯದ ಹಾಗೂ ನೋಡಿಕೊಂಡ ಹಾಗೆ, ಆಲ್ಕೋಹಾಲ್ ಏರದ ಹಾಗೂ ನೋಡಿಕೊಂಡ ಹಾಗೆ. ಇನ್ನಷ್ಟು ಸಕ್ಕರೆ ಸುರಿಯುವುದು, ಪ್ಯಾಕೆಟ್ ಯೀಸ್ಟ್ ಹಾಕುವುದು, ವಾರಗಟ್ಟಲೆ ಇಡುವುದು, ಮಾರುವುದು, ಇದ್ಯಾವುದೂ ಬೇಡ. ಸ್ವಲ್ಪವಾದರೂ ಆಲ್ಕೋಹಾಲ್ ಇದೆ ಅನ್ನುವುದನ್ನು ಮುಚ್ಚಿಡಬೇಡಿ. ಮನೆಗೆ ಬರುವ ಮುಸ್ಲಿಂ ಗೆಳೆಯರಿಗೆ, ಗರ್ಭಿಣಿಯರಿಗೆ, ಕುಡಿತ ಬಿಟ್ಟವರಿಗೆ ಹೇಳದೆ ಕೊಡುವುದು ತಪ್ಪು. ಅವರಿಗೂ ಮಕ್ಕಳಿಗೂ ನಾನು ಹೆಪ್ಪು ಹಾಕುವ ಮುಂಚೆಯೇ ಶುಂಠಿ ಪಾಕ ಬೇರೆ ತೆಗೆದಿಟ್ಟು ಗೋಲಿ ಸೋಡಾ ಬೆರೆಸಿ ಕೊಡುತ್ತೇನೆ. ರುಚಿಗೆ ಏನೂ ಕಮ್ಮಿ ಇಲ್ಲ.

ಒಬ್ಬರು ಗೇರುಹಣ್ಣಿನಲ್ಲಿ ಮಾಡಬಹುದಾ ಅಂತ ಕೆಳಗೆ ಕೇಳಿದ್ದಾರೆ. ಬೇಡ. ಗೇರುಹಣ್ಣಿನ ರಸ ಹೆಪ್ಪೇ ಇಲ್ಲದೆ ಗಂಟೆಗಳಲ್ಲಿ ಉಕ್ಕಲು ಶುರುವಾಗುತ್ತದೆ, ಹಿಡಿತಕ್ಕೆ ಸಿಗುವುದಿಲ್ಲ. ಗಂಜಿತಿಳಿ ಹಾಕಿ ಒಗರು ಇಳಿಸಿ ತಾಜಾ ಕುಡಿಯಿರಿ. ಕಳ್ಳಿನದ್ದೂ ಹಾಗೆಯೇ. ಬೆಳಿಗ್ಗೆ ಸಿಹಿ ಇದ್ದದ್ದು ಮಧ್ಯಾಹ್ನಕ್ಕೆ ನೊರೆ, ಸಂಜೆಗೆ ಹುಳಿ. ಅದನ್ನು ತಡೆಯಲಿಕ್ಕೇ ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಐಸ್ ಪೆಟ್ಟಿಗೆಯಲ್ಲಿ ತೆಂಗಿನ ರಸ ಇಳಿಸುವ ವಿಧಾನ ಮಾಡಿ ಅದಕ್ಕೆ ಕಲ್ಪರಸ ಅಂತ ಹೆಸರಿಟ್ಟದ್ದು. ಲಿಂಬೆ ಬದಲು ಪುನರ್ಪುಳಿ ನೀರು ಹಾಕಬಹುದಾ ಅಂದರೆ, ಧಾರಾಳವಾಗಿ. ಬಣ್ಣ ನೋಡಲಿಕ್ಕೇ ಚಂದ. ಹುಳಿ ಜಾಸ್ತಿ, ಸ್ವಲ್ಪವೇ ಹಾಕಿ.

ಹೆಪ್ಪಿನ ಅಡಿಯಲ್ಲಿ ಬಿಳಿ ಗಸಿ ಕೂತರೆ ಹೆದರಬೇಡಿ, ಅದು ಯೀಸ್ಟ್. ಮೇಲೆ ಹಸಿರು, ಕಪ್ಪು ಬೂಸ್ಟು ರೋಮದ ಹಾಗೆ ಬಂದರೆ ಮೇಲಿನದ್ದು ತೆಗೆದು ಉಳಿಸಿಕೊಳ್ಳುವ ಆಸೆ ಬೇಡ, ಪೂರ್ತಿ ಚೆಲ್ಲಿ ಭರಣಿಗೆ ಕುದಿನೀರು ಹಾಕಿ.

ಮೊದಲ ಸಲ ಹೆಪ್ಪು ಏಳದಿದ್ದರೆ ಪೆರ್ಲಕ್ಕೆ ಬನ್ನಿ, ನಮ್ಮಲ್ಲಿ ಯಾವಾಗಲೂ ಒಂದು ಭರಣಿ ಇರುತ್ತದೆ. ಅರ್ಧ ಲೋಟ ಒಯ್ಯಿರಿ, ಅಷ್ಟು ಸಾಕು. ಬಸ್ಸಿನಲ್ಲಿ ಹೋಗುವುದಾದರೆ ಪ್ಲಾಸ್ಟಿಕ್ ಬಾಟಲಿ ತನ್ನಿ, ಮುಚ್ಚಳ ಪೂರ್ತಿ ಬಿಗಿ ಮಾಡಬೇಡಿ.