ಪೊಲೀಸರ ಬಲಪ್ರಯೋಗವನ್ನು ನಾಗರಿಕರು ಪರಿಶೀಲಿಸಿದರೆ ಏನಾದರೂ ಬದಲಾಗುತ್ತದೆಯೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ಪೊಲೀಸರು ಬಲ ಪ್ರಯೋಗಿಸಿದ ಪ್ರಕರಣಗಳನ್ನು ಇಲಾಖೆಯ ಬದಲು ನಾಗರಿಕರ ಸ್ವತಂತ್ರ ಸಂಸ್ಥೆಯೊಂದು ಪರಿಶೀಲಿಸಿದರೆ ನಿಜವಾಗಿಯೂ ಸುಧಾರಣೆಯಾಗುತ್ತದೆಯೇ ಎಂಬುದು ಒಂದು. ಬಂದೂಕು ಹಿಡಿದು ಗೊತ್ತಿಲ್ಲದವರು ಅರೆಕ್ಷಣದಲ್ಲಿ ತೆಗೆದುಕೊಂಡ ನಿರ್ಧಾರವನ್ನು ಹೇಗೆ ಅಳೆಯಬಲ್ಲರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ಹೌದು ಎಂಬುದೇ, ಆದರೆ ಸಾಕ್ಷ್ಯವು ಇಲಾಖೆಯ ಕೈ ದಾಟಿ ಹಳತಾಗುವ ಮೊದಲು ಆ ಸಂಸ್ಥೆಯ ಕೈಸೇರಬೇಕು ಎಂಬ ಷರತ್ತಿನೊಂದಿಗೆ. ಕ್ರಿಮಿನಲ್ ಮೊಕದ್ದಮೆಗಳ ಕಡತಗಳನ್ನು ಓದುವುದೇ ನನ್ನ ಉದ್ಯೋಗವಾದ್ದರಿಂದ, ಒಂದು ತನಿಖೆಯ ಹಣೆಬರಹ ಅದರ ಅಂತಿಮ ವರದಿಯಲ್ಲಲ್ಲ, ಮೊದಲ ದಿನದ ಮಹಜರು ಮತ್ತು ಹೇಳಿಕೆಗಳಲ್ಲೇ ತೀರ್ಮಾನವಾಗಿಬಿಡುವುದನ್ನು ನೋಡುತ್ತಾ ಬಂದಿದ್ದೇನೆ.

ನಾಗರಿಕರ ಸಂಸ್ಥೆಯೊಂದನ್ನು ಸ್ಥಾಪಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ಷಿಕಾಗೋ ನಗರದ ಅನುಭವವನ್ನೇ ನೋಡಬಹುದು. 2014ರ ಅಕ್ಟೋಬರ್ 20ರಂದು 17 ವರ್ಷದ ಲಕ್ವಾನ್ ಮೆಕ್‌ಡೊನಾಲ್ಡ್ ಎಂಬ ಹುಡುಗನ ಮೇಲೆ ಪೊಲೀಸ್ ಅಧಿಕಾರಿಯೊಬ್ಬರು 16 ಗುಂಡು ಹಾರಿಸಿದರು. ಹುಡುಗ ಚಾಕು ಹಿಡಿದು ಪೊಲೀಸರತ್ತ ನುಗ್ಗಿ ಬಂದನೆಂದು ಸ್ಥಳದಲ್ಲಿದ್ದವರ ವರದಿಗಳು ಹೇಳಿದವು. ಬಲಪ್ರಯೋಗದ ತನಿಖೆಗೆಂದೇ 2007ರಲ್ಲಿ ರಚನೆಯಾದ, ಹೆಸರಿನಲ್ಲೇ ‘ಸ್ವತಂತ್ರ’ ಎಂಬ ಪದವಿದ್ದ ನಾಗರಿಕ ಪ್ರಾಧಿಕಾರ ಆಗ ಅಸ್ತಿತ್ವದಲ್ಲಿತ್ತು. ಆದರೂ ಒಂದು ವರ್ಷಕ್ಕೂ ಮಿಕ್ಕಿ ಜನರ ಮುಂದೆ ಹೆಚ್ಚಾಗಿ ಇದ್ದದ್ದು ಇಲಾಖೆಯ ಕಥನವೇ. ನ್ಯಾಯಾಲಯದ ಆದೇಶದಿಂದ 2015ರ ನವೆಂಬರ್‌ನಲ್ಲಿ ಪೊಲೀಸ್ ವಾಹನದ ಕ್ಯಾಮೆರಾ ದೃಶ್ಯ ಹೊರಬಿದ್ದಾಗ, ಹುಡುಗ ಪೊಲೀಸರಿಂದ ದೂರ ಸರಿದು ನಡೆಯುತ್ತಿದ್ದದ್ದು ಎಲ್ಲರಿಗೂ ಕಾಣಿಸಿತು. ಗುಂಡು ಹಾರಿಸಿದ ಅಧಿಕಾರಿ ತಪ್ಪಿತಸ್ಥನೆಂದು 2018ರಲ್ಲಿ ತೀರ್ಪಾಯಿತು. ಆ ಪ್ರಾಧಿಕಾರವನ್ನು ಅದಕ್ಕೂ ಮುನ್ನ, 2017ರಲ್ಲಿ, ಮುಚ್ಚಿ ಬೇರೊಂದನ್ನು ಸ್ಥಾಪಿಸಲಾಯಿತು. ಮೊದಲನೆಯದರಲ್ಲಿ ಇದ್ದವರೂ ನಾಗರಿಕರೇ. ಕುರ್ಚಿಯಲ್ಲಿ ಕುಳಿತವರು ಸಮವಸ್ತ್ರ ಧರಿಸಿಲ್ಲ ಎಂಬುದರಿಂದ ಸ್ವಾತಂತ್ರ್ಯ ತಾನಾಗಿ ಬರುವುದಿಲ್ಲ ಎಂದು ನಾನು ಹೇಳುವುದು ಇದಕ್ಕಾಗಿ.

ಲಂಡನ್ನಿನ ಸ್ಟಾಕ್‌ವೆಲ್ ಪ್ರಕರಣ ಇನ್ನೂ ನೇರವಾದದ್ದು. 2005ರ ಜುಲೈ 22ರಂದು ಆತ್ಮಾಹುತಿ ದಾಳಿಕೋರನೆಂದು ತಪ್ಪಾಗಿ ಗುರುತಿಸಲಾದ ಜೀನ್ ಚಾರ್ಲ್ಸ್ ಡಿ ಮೆನೆಜಿಸ್ ಎಂಬ ಅಮಾಯಕನನ್ನು ಪೊಲೀಸರು ಸುರಂಗ ರೈಲಿನೊಳಗೆ ಗುಂಡಿಟ್ಟು ಕೊಂದರು. ಇಂಥ ಸಾವುಗಳನ್ನು ತನಿಖೆ ಮಾಡಲು ಸ್ವತಂತ್ರ ಆಯೋಗವೊಂದು ಹಿಂದಿನ ವರ್ಷವಷ್ಟೇ ಕೆಲಸ ಆರಂಭಿಸಿತ್ತು. ಆದರೆ ಭಯೋತ್ಪಾದನೆಯ ತನಿಖೆಗೆ ಅಡ್ಡಿಯಾಗಬಾರದೆಂಬ ಕಾರಣ ಕೊಟ್ಟು ಲಂಡನ್ ಪೊಲೀಸ್ ಮುಖ್ಯಸ್ಥರು ಆಯೋಗವನ್ನು ದೂರವಿರಿಸಿದರು, ಕೆಲವು ದಿನ ಕಳೆದ ಮೇಲೆಯೇ ತನಿಖೆ ಆಯೋಗದ ಕೈಗೆ ಬಂತು. ಅಷ್ಟರಲ್ಲಿ ಗುಂಡು ಹಾರಿಸಿದ ಅಧಿಕಾರಿಗಳು ಪರಸ್ಪರ ಮಾತನಾಡಿಕೊಂಡು ತಮ್ಮ ಹೇಳಿಕೆಗಳನ್ನು ಬರೆದುಕೊಟ್ಟಿದ್ದರು. ಅಂದಿನ ರೂಢಿಯ ಪ್ರಕಾರ ಅದು ತಪ್ಪೇನೂ ಆಗಿರಲಿಲ್ಲ, ಮತ್ತು ಅವರು ಸುಳ್ಳು ಹೆಣೆಯಲೆಂದೇ ಸೇರಿದ್ದರೆಂದು ನಾನು ಆರೋಪಿಸುತ್ತಿಲ್ಲ. ಒಂದೇ ಘಟನೆಯನ್ನು ಕಂಡವರು ಕೂಡಿ ಮಾತನಾಡಿದರೆ ಅವರವರ ನೆನಪುಗಳು ತಿಳಿಯದೆಯೇ ಒಂದರಂತೆ ಇನ್ನೊಂದಾಗುತ್ತವೆ. ಯಾರು ಎಚ್ಚರಿಕೆ ಕೂಗಿದರು, ಕೈ ಎಲ್ಲಿತ್ತು ಎಂಬಂಥ ಸಣ್ಣ ವಿವರಗಳಲ್ಲಿ ಇರಬೇಕಾದ ಸಹಜ ವ್ಯತ್ಯಾಸ ಅಳಿಸಿಹೋದ ಮೇಲೆ ಎಂಥ ನಿಷ್ಪಕ್ಷಪಾತ ಪರಿಶೀಲಕನಿಗೂ ಅದನ್ನು ಮರಳಿ ಪಡೆಯುವ ದಾರಿಯಿಲ್ಲ.

ಈ ಅಂಶವನ್ನು ಸರಿಯಾಗಿ ಹಿಡಿದ ವ್ಯವಸ್ಥೆ ಕೆನಡಾದ ಒಂಟಾರಿಯೊ ಪ್ರಾಂತ್ಯದ್ದು ಎಂದು ನನ್ನ ಅಭಿಪ್ರಾಯ. ಅಲ್ಲಿ 1990ರಿಂದ ಕೆಲಸ ಮಾಡುತ್ತಿರುವ ವಿಶೇಷ ತನಿಖಾ ಘಟಕಕ್ಕೆ, ಪೊಲೀಸರೊಂದಿಗಿನ ಘಟನೆಯಲ್ಲಿ ಸಾವು ಅಥವಾ ಗಂಭೀರ ಗಾಯ ಸಂಭವಿಸಿದರೆ ಯಾರೂ ದೂರು ಕೊಡಲೆಂದು ಕಾಯದೆ ಪೊಲೀಸರೇ ಕೂಡಲೇ ತಿಳಿಸಬೇಕು. ಅಲ್ಲಿಂದ ಮುಂದೆ ಆ ತನಿಖೆಯಲ್ಲಿ ಘಟಕದ್ದೇ ಮುಂದಾಳತ್ವ. ಸಂಬಂಧಪಟ್ಟ ಅಧಿಕಾರಿಗಳನ್ನು, ಅವರ ವಿಚಾರಣೆ ಮುಗಿಯುವವರೆಗೆ, ಸಾಧ್ಯವಾದಷ್ಟೂ ಒಬ್ಬರಿಂದೊಬ್ಬರನ್ನು ಬೇರೆಯಾಗಿರಿಸಬೇಕು. ಘಟನೆಯ ಟಿಪ್ಪಣಿ ಬರೆಯುವ ಮೊದಲು ಪೊಲೀಸರು ವಕೀಲರ ಸಲಹೆ ಪಡೆಯುವಂತಿಲ್ಲವೆಂದು ಕೆನಡಾದ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಆದರೆ ಆರೋಪಕ್ಕೆ ಗುರಿಯಾಗಬಹುದಾದ ಅಧಿಕಾರಿಯನ್ನು ಹೇಳಿಕೆ ಕೊಡುವಂತೆ ಅಲ್ಲಿ ಬಲವಂತಪಡಿಸಲಾಗದು; ಉಳಿದ ಯಾವ ನಾಗರಿಕನಿಗೂ ಇರುವ ಮೌನದ ಹಕ್ಕು ಅವನಿಗೂ ಇದೆ, ಇರಬೇಕಾದದ್ದೂ ಸರಿಯೇ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಪೊಲೀಸರ ವಾದದಲ್ಲಿ ತೂಕವಿದೆಯೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲಿ ಗ್ರಹಾಂ ವಿರುದ್ಧ ಕಾನರ್ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಬಲಪ್ರಯೋಗ ಸಮಂಜಸವೋ ಅಲ್ಲವೋ ಎಂಬುದನ್ನು ಸ್ಥಳದಲ್ಲಿದ್ದ ವಿವೇಕಿ ಅಧಿಕಾರಿಯೊಬ್ಬನ ಕಣ್ಣಿನಿಂದ ನೋಡಬೇಕೇ ಹೊರತು, ನಡೆದುಹೋದ ಮೇಲೆ ಎಲ್ಲವನ್ನೂ ತಿಳಿದವರ ಕಣ್ಣಿನಿಂದಲ್ಲ. ಒಬ್ಬ ವ್ಯಕ್ತಿಯನ್ನು ಕಟಕಟೆಯಲ್ಲಿ ನಿಲ್ಲಿಸುವ ಪ್ರಶ್ನೆ ಬಂದಾಗ ಈ ಅಳತೆಗೋಲು ನ್ಯಾಯವಾದದ್ದೇ. ಆದರೆ ಪರಿಶೀಲನೆಯ ಕೆಲಸ ಆ ಒಂದು ಕ್ಷಣಕ್ಕೆ ಸೀಮಿತವಾಗಬೇಕಿಲ್ಲ. ಜಿಬ್ರಾಲ್ಟರಿನಲ್ಲಿ 1988ರಲ್ಲಿ ಬ್ರಿಟಿಷ್ ಸೈನಿಕರು ಮೂವರು ಭಯೋತ್ಪಾದನಾ ಶಂಕಿತರನ್ನು ಗುಂಡಿಟ್ಟು ಕೊಂದ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1995ರಲ್ಲಿ ಮಾಡಿದ ವಿಂಗಡಣೆ ಇಲ್ಲಿ ಬಹಳ ಉಪಯುಕ್ತವಾದದ್ದು. ತಮಗೆ ಸಿಕ್ಕ ಮಾಹಿತಿಯನ್ನು ಪ್ರಾಮಾಣಿಕವಾಗಿ ನಂಬಿ ಗುಂಡು ಹಾರಿಸಿದ ಸೈನಿಕರ ನಡೆಯನ್ನು ಅದು ತಪ್ಪೆನ್ನಲಿಲ್ಲ. ಆದರೆ ಅವರಿಗೆ ಅಂಥ ಮಾಹಿತಿ ಕೊಟ್ಟ, ಶಂಕಿತರನ್ನು ಮೊದಲೇ ತಡೆಯಬಹುದಾಗಿದ್ದರೂ ತಡೆಯದ ಕಾರ್ಯಾಚರಣೆಯ ಯೋಜನೆಯಲ್ಲಿ ಜೀವಿಸುವ ಹಕ್ಕಿನ ಉಲ್ಲಂಘನೆಯಾಗಿದೆಯೆಂದು 10-9ರ ಬಹುಮತದಿಂದ ಹೇಳಿತು. ಸ್ಟಾಕ್‌ವೆಲ್ ಪ್ರಕರಣದಲ್ಲೂ ಯಾವೊಬ್ಬ ಅಧಿಕಾರಿಯ ಮೇಲೂ ಮೊಕದ್ದಮೆ ಹೂಡಲಿಲ್ಲ; ಕಾರ್ಯಾಚರಣೆಯ ಲೋಪಗಳಿಗಾಗಿ ಇಡೀ ಪೊಲೀಸ್ ಪಡೆಗೆ 2007ರಲ್ಲಿ, ವಿಚಿತ್ರವೆಂದರೆ ಕೆಲಸದ ಸ್ಥಳದ ಸುರಕ್ಷತೆಯ ಕಾಯ್ದೆಯಡಿ, 1,75,000 ಪೌಂಡ್ ದಂಡ ಬಿತ್ತು.

ಹೀಗೆ ನೋಡಿದರೆ ಪೊಲೀಸ್ ಕಸುಬು ಗೊತ್ತಿಲ್ಲದವರು ಹೇಗೆ ಅಳೆಯಬಲ್ಲರು ಎಂಬ ಪ್ರಶ್ನೆ ಅರ್ಧ ಕರಗುತ್ತದೆ. ಮಾನಸಿಕ ಅಸ್ವಸ್ಥನೊಬ್ಬ ಕೋಣೆಯೊಳಗೆ ಚಾಕು ಹಿಡಿದು ಕುಳಿತಿದ್ದಾಗ, ಬಾಗಿಲು ಒಡೆದು ನುಗ್ಗುವ ತುರ್ತು ಏನಿತ್ತು, ಕಂಟ್ರೋಲ್ ರೂಮಿಗೆ ಬಂದ ಕರೆಯಲ್ಲಿ ಅವನ ಕಾಯಿಲೆಯ ವಿಷಯ ತಿಳಿಸಿದ್ದರೂ ಅದು ಸ್ಥಳಕ್ಕೆ ಹೋದವರಿಗೆ ಏಕೆ ತಲುಪಲಿಲ್ಲ, ಮೇಲಧಿಕಾರಿ ಎಲ್ಲಿದ್ದರು ಎಂದು ಕೇಳಲು ಬಂದೂಕಿನ ಜ್ಞಾನ ಬೇಕಿಲ್ಲ. ಇಲಾಖೆಯ ಒಳಗಿನವರು ಈ ಪ್ರಶ್ನೆಗಳನ್ನು ಕೇಳದಿರುವುದಕ್ಕೆ ಕಾರಣ ಅಜ್ಞಾನವಲ್ಲ. ಉತ್ತರಗಳು ಗುಂಡು ಹಾರಿಸಿದವನನ್ನು ದಾಟಿ, ತರಬೇತಿ ಕೊಟ್ಟವರ ಮತ್ತು ನಿಯೋಜಿಸಿದವರ ಮೇಜಿಗೆ ಹೋಗಿ ನಿಲ್ಲುತ್ತವೆ, ಮತ್ತು ಪರಿಶೀಲನೆಗೆ ಕುಳಿತವರು ಬಹಳ ಸಲ ಅವರೇ ಆಗಿರುತ್ತಾರೆ.

ಉಳಿದ ಅರ್ಧಕ್ಕೆ ಕಸುಬುದಾರರು ಬೇಕು. ಗುಂಡಿನ ಪಥ, ಗಾಯದ ಸ್ವರೂಪ, ಕ್ಯಾಮೆರಾ ತೋರಿಸುವುದೆಷ್ಟು ಮರೆಸುವುದೆಷ್ಟು ಎಂಬುದನ್ನು ಬಲ್ಲ ತನಿಖಾಧಿಕಾರಿಗಳಿಲ್ಲದ ನಾಗರಿಕ ಸಂಸ್ಥೆ ಇಲಾಖೆ ಕೊಟ್ಟ ಕಾಗದಗಳನ್ನೇ ತಿರುವಿಹಾಕುತ್ತಾ ಕೂರಬೇಕಾಗುತ್ತದೆ. ನಿವೃತ್ತ ಪೊಲೀಸರನ್ನು ಪೂರ್ತಿ ಹೊರಗಿಡಬೇಕೆಂಬ ಬೇಡಿಕೆಯನ್ನು ನಾನು ಇದೇ ಕಾರಣಕ್ಕೆ ಒಪ್ಪುವುದಿಲ್ಲ. ಒಂಟಾರಿಯೊದಲ್ಲಿ ಘಟಕದ ನಿರ್ದೇಶಕರಾಗುವವರು ಹಿಂದೆಂದೂ ಪೊಲೀಸರಾಗಿರಕೂಡದು. ತನಿಖಾಧಿಕಾರಿಗಳು ಆಗಿರಬಹುದು, ಆದರೆ ತಾವು ಕೆಲಸ ಮಾಡಿದ್ದ ಪಡೆಯ ತನಿಖೆಯಲ್ಲಿ ಅವರು ಭಾಗವಹಿಸುವಂತಿಲ್ಲ.

ಕೊನೆಯ ಮಾತು ಯಾರದ್ದು ಎಂಬ ವಿಷಯದಲ್ಲಿ ಭಾರತದ ಉದಾಹರಣೆ ಪಾಠದಂತಿದೆ. ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಕೊಟ್ಟ ತೀರ್ಪು, ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ನಿವೃತ್ತ ನ್ಯಾಯಾಧೀಶರ ನೇತೃತ್ವದ ಪೊಲೀಸ್ ದೂರು ಪ್ರಾಧಿಕಾರಗಳನ್ನು ರಚಿಸಬೇಕೆಂದೂ, ಅವುಗಳ ಶಿಫಾರಸು ಸಂಬಂಧಪಟ್ಟ ಅಧಿಕಾರಸ್ಥರ ಮೇಲೆ ಬಂಧನಕಾರಿಯೆಂದೂ ಹೇಳಿತ್ತು. ಹಲವು ರಾಜ್ಯಗಳು ಕಾನೂನು ಮಾಡುವಾಗ ಆ ‘ಬಂಧನಕಾರಿ’ಯನ್ನು ಸದ್ದಿಲ್ಲದೆ ಸಡಿಲಿಸಿದವು, ಕೆಲವು ಕಡೆ ಸೇವೆಯಲ್ಲಿರುವ ಪೊಲೀಸ್ ಅಧಿಕಾರಿಗಳೇ ಸದಸ್ಯರಾದರು. ಎನ್‌ಕೌಂಟರ್ ಸಾವುಗಳ ಬಗ್ಗೆ ಅದೇ ನ್ಯಾಯಾಲಯ 2014ರಲ್ಲಿ ಹಾಕಿಕೊಟ್ಟ ಮಾರ್ಗಸೂಚಿಗಳಲ್ಲಿ ‘ಸ್ವತಂತ್ರ ತನಿಖೆ’ ಎಂದರೆ ಸಿಐಡಿಯದ್ದು ಅಥವಾ ಬೇರೊಂದು ಠಾಣೆಯ ತಂಡದ್ದು. ಮ್ಯಾಜಿಸ್ಟ್ರೇಟ್ ವಿಚಾರಣೆ ಇದೆಯಾದರೂ, ಸ್ಥಳಕ್ಕೆ ಮೊದಲು ತಲುಪುವವರು, ಖಾಲಿ ತೋಟಾಗಳನ್ನು ಎತ್ತಿ ಲಕೋಟೆಗೆ ಹಾಕುವವರು ಪೊಲೀಸರೇ.

ನ್ಯೂಯಾರ್ಕಿನಲ್ಲಿ 1993ರಿಂದ ಪೂರ್ತಿ ನಾಗರಿಕರ ಸ್ವರೂಪದಲ್ಲಿರುವ ದೂರು ಪರಿಶೀಲನಾ ಮಂಡಳಿ ತನಿಖೆ ಮಾಡಬಹುದು, ಇಲಾಖಾ ವಿಚಾರಣೆಯಲ್ಲಿ ಆರೋಪ ಮಂಡಿಸಲೂಬಹುದು, ಆದರೆ ಶಿಕ್ಷೆಯ ಅಂತಿಮ ನಿರ್ಧಾರ ಪೊಲೀಸ್ ಕಮಿಷನರರದ್ದು. ಬಂಧಿಸುವಾಗ ಅಲ್ಲಿನ ಪೊಲೀಸ್ ಅಧಿಕಾರಿಯೊಬ್ಬ ಕುತ್ತಿಗೆ ಹಿಚುಕಿದ್ದರಿಂದ ಎರಿಕ್ ಗಾರ್ನರ್ ಎಂಬಾತ ಸತ್ತದ್ದು 2014ರ ಜುಲೈನಲ್ಲಿ. ಆ ಅಧಿಕಾರಿ ಕೆಲಸದಿಂದ ವಜಾ ಆದದ್ದು 2019ರ ಆಗಸ್ಟ್‌ನಲ್ಲಿ. ಹಾಗಿದ್ದರೂ ಮುಖ್ಯಸ್ಥನಿಂದ ಶಿಸ್ತಿನ ಅಧಿಕಾರವನ್ನು ಪೂರ್ತಿ ಕಿತ್ತುಕೊಳ್ಳುವುದು ಜಾಣತನವಲ್ಲ ಎಂದು ನನಗನಿಸುತ್ತದೆ, ಏಕೆಂದರೆ ಆಗ ತನ್ನ ಪಡೆಯ ನಡತೆಗೆ ತಾನು ಹೊಣೆಯಲ್ಲವೆಂದು ಅವನು ಕೈತೊಳೆದುಕೊಳ್ಳಬಹುದು. ಶಿಫಾರಸನ್ನು ಒಪ್ಪದಿದ್ದರೆ ನಿಗದಿತ ಅವಧಿಯೊಳಗೆ ಕಾರಣಗಳನ್ನು ಬರೆದು ಪ್ರಕಟಿಸಲೇಬೇಕೆಂಬ ನಿಯಮ ಇದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಅಪರಾಧ ತನಿಖೆಯನ್ನೂ ಪಾಠ ಕಲಿಯುವ ಪರಿಶೀಲನೆಯನ್ನೂ ಬೆರೆಸಬಾರದು ಎಂಬುದನ್ನು ಚಿಕ್ಕದಾಗಿ ಸೇರಿಸುತ್ತೇನೆ. ಕೆಲಸ ಹೋಗುತ್ತದೆಂಬ ಬೆದರಿಕೆಯಿಂದ ಪಡೆದ ಹೇಳಿಕೆಯನ್ನು ಕ್ರಿಮಿನಲ್ ಮೊಕದ್ದಮೆಯಲ್ಲಿ ಬಳಸುವಂತಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಎರಡೂ ಕೆಲಸಗಳನ್ನು ಒಂದೇ ತಂಡ ಮಾಡಿದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ಹಾಗೆಯೇ ಬಲಪ್ರಯೋಗದ ಬಹುಪಾಲು ಸಾವಿನಲ್ಲಿ ಮುಗಿಯುವಂಥದ್ದಲ್ಲ. ಲಾಠಿ ಏಟು, ತಳ್ಳಾಟ, ಬಂಧಿಸುವಾಗಿನ ಹೊಡೆತಗಳಂಥವು ಒಂದೊಂದಾಗಿ ನೋಡಿದಾಗ ಸಣ್ಣವೆನಿಸುತ್ತವೆ. ಒಂದೇ ಠಾಣೆಯ, ಒಂದೇ ಪಾಳಿಯ, ಒಂದೇ ಅಧಿಕಾರಿಯ ಹೆಸರು ಮತ್ತೆ ಮತ್ತೆ ಬರುತ್ತಿದೆಯೇ ಎಂದು ಕಡತಗಳನ್ನು ಒಟ್ಟಾಗಿ ಓದುವ ಲೆಕ್ಕಪರಿಶೋಧಕನಂಥವನೊಬ್ಬ ಮಾತ್ರ ಅವುಗಳ ಅರ್ಥ ಹೇಳಬಲ್ಲ.

ಇಷ್ಟೆಲ್ಲವನ್ನೂ ಒಮ್ಮೆಗೇ ತರಲು ಯಾವ ಸರ್ಕಾರವೂ ಒಪ್ಪುವುದು ಕಷ್ಟ. ಒಂದೇ ಒಂದು ಕಲಮನ್ನು ಕಾನೂನಿಗೆ ಸೇರಿಸುವ ಅವಕಾಶವಿದೆ, ಯಾವುದನ್ನು ಆರಿಸುತ್ತೀರಿ ಎಂದು ಯಾರಾದರೂ ಕೇಳಿದರೆ, ನಾನು ಸದಸ್ಯರ ನೇಮಕದ್ದನ್ನಾಗಲಿ ಶಿಕ್ಷೆಯ ಅಧಿಕಾರದ್ದನ್ನಾಗಲಿ ಆರಿಸುವುದಿಲ್ಲ. ಸಾವು ಅಥವಾ ಗಂಭೀರ ಗಾಯವಾದ ಕೂಡಲೇ ಸಂಸ್ಥೆಗೆ ತಿಳಿಸುವುದು ಠಾಣಾಧಿಕಾರಿಯ ಕರ್ತವ್ಯ, ಸಂಸ್ಥೆಯ ತನಿಖಾಧಿಕಾರಿ ಬರುವವರೆಗೆ ಸ್ಥಳ, ಆಯುಧ, ಕ್ಯಾಮೆರಾ ದಾಖಲೆಗಳನ್ನು ಯಾರೂ ಮುಟ್ಟಕೂಡದು, ಮುಟ್ಟಿದರೆ ಅದೇ ಪ್ರತ್ಯೇಕ ಅಪರಾಧ ಎಂಬ ಕಲಮನ್ನು ಬರೆಯಿಸುತ್ತೇನೆ, ಮತ್ತು ರಾತ್ರಿ ಎರಡು ಗಂಟೆಗೂ ಹೊರಡಬಲ್ಲ ತಂಡಕ್ಕೆ ಬೇಕಾದ ಹಣವನ್ನು ಪೊಲೀಸ್ ಇಲಾಖೆಯ ಬಜೆಟ್ಟಿನಿಂದಲ್ಲದೆ ಶಾಸನಸಭೆಯಿಂದ ನೇರವಾಗಿ ಕೊಡುವಂತೆ ಅದೇ ಕಲಮಿನಲ್ಲಿ ಸೇರಿಸಲು ಪ್ರಯತ್ನಿಸುತ್ತೇನೆ.