ಗುಳಿಗೆ ಕೊಡುವುದು, ಗುಳಿಗೆ ಬರೆಯುವುದು

ಮಾನ್ಯ ಸಹೋದರಿಯವರೇ,

ಕುಷ್ಟಗಿ ತಾಲ್ಲೂಕಿನ ಉಪಕೇಂದ್ರವೊಂದರಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿರುವ ತಾವು, ಇಂಗ್ಲೆಂಡಿನಲ್ಲಿ ನರ್ಸುಗಳೂ ಫಾರ್ಮಸಿಸ್ಟರೂ ಔಷಧದ ಚೀಟಿ ಬರೆಯುತ್ತಿರುವಾಗ, ಅಪರಾತ್ರಿ ಜ್ವರದ ಕೂಸನ್ನು ಎತ್ತಿಕೊಂಡು ಬಂದವರಿಗೆ ಗುಳಿಗೆ ಕೊಡುವ ನಮಗೇಕೆ ಆ ಅಧಿಕಾರವಿಲ್ಲ ಎಂದು ಕೇಳಿದ್ದೀರಿ. ಪ್ರಶ್ನೆ ನ್ಯಾಯವಾದದ್ದೇ.

ಅಲ್ಲಿಯೂ ಅದು ಒಮ್ಮೆಲೇ ಆದದ್ದಲ್ಲ. ಮನೆಮನೆಗೆ ಹೋಗುವ ನರ್ಸುಗಳು ಸಣ್ಣಪುಟ್ಟ ಔಷಧಕ್ಕೂ ವೈದ್ಯರ ಸಹಿಗಾಗಿ ಕಾಯುವ ತೊಂದರೆಯನ್ನು ಅಲ್ಲಿನ ಸಮುದಾಯ ನರ್ಸಿಂಗ್ ಸೇವೆಯನ್ನು ಪರಿಶೀಲಿಸಿದ 1986ರ ಕಂಬರ್ಲೆಜ್ ವರದಿ ಎತ್ತಿ ತೋರಿಸಿತು. ನರ್ಸುಗಳು ಚೀಟಿ ಬರೆಯಲು ಅವಕಾಶ ಕೊಡುವ ಕಾಯ್ದೆ 1992ರಲ್ಲಿ ಬಂದಿತು. ಕೆಲವೇ ಔಷಧಗಳ ಕಿರುಪಟ್ಟಿಯಿಂದ ಆರಂಭವಾದ ಈ ಅಧಿಕಾರ, ತಮ್ಮ ಪರಿಣತಿಯ ಮಿತಿಯೊಳಗೆ ಬಹುತೇಕ ಎಲ್ಲ ಔಷಧಗಳಿಗೆ ವಿಸ್ತರಿಸಿದ್ದು 2006ರಲ್ಲಿ. ಅದಕ್ಕೆ ಸಿದ್ಧರಾಗುವ ಫಾರ್ಮಸಿಸ್ಟರು ಪಾಠದ ಜೊತೆಗೆ ಅನುಭವಿಯೊಬ್ಬರ ಕೈಕೆಳಗೆ 90 ಗಂಟೆಗಳ ಅಭ್ಯಾಸ ಮಾಡಬೇಕು.

ಕಳೆದ ವರ್ಷ ನನ್ನ ತಾಯಿಯವರು ಮೊಣಕಾಲು ನೋವಿಗೆಂದು ರಾಯಚೂರಿನ ಮೆಡಿಕಲ್ ಶಾಪೊಂದರಿಂದ ನಾಲ್ಕು ಗುಳಿಗೆ ತರಿಸಿಕೊಂಡರು. ಅಂಗಡಿಯವರು ಪಟ್ಟಿಯನ್ನು ಕತ್ತರಿಸಿ ಕಾಗದದ ಕವರಿನಲ್ಲಿ ಹಾಕಿ ಕೊಟ್ಟಿದ್ದರು. ಹೆಸರಿನ ಅರ್ಧ ಭಾಗವೂ ಅವಧಿ ಮುಗಿಯುವ ದಿನಾಂಕವೂ ಅಂಗಡಿಯಲ್ಲೇ ಉಳಿದಿದ್ದವು. ಮಿಕ್ಕ ಅಕ್ಷರಗಳನ್ನು ಕೂಡಿಸಿ ಓದಿದಾಗ ಅದು ಡೈಕ್ಲೋಫೆನಾಕ್ ಎಂದು ತಿಳಿಯಿತು; ಬಿ.ಪಿ. ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಅಪಾಯ ತರಬಲ್ಲ ನೋವಿನ ಗುಳಿಗೆ ಅದು. ಬಿ.ಪಿ. ಇದೆಯೇ, ಮೂತ್ರಪಿಂಡದ ತೊಂದರೆ ಇದೆಯೇ ಎಂದು ಯಾರೂ ಕೇಳಿರಲಿಲ್ಲ. ಅವರಿಗೆ ಎರಡೂ ಇವೆ. ತರಬೇತಿ ಎಂದರೆ ನನ್ನ ಮಟ್ಟಿಗೆ ಆ ಎರಡು ಪ್ರಶ್ನೆಗಳು. ಔಷಧಗಳ ಹೆಸರು ಯಾರಿಗಾದರೂ ಬಾಯಿಪಾಠವಾಗುತ್ತದೆ. ಮಾರುವವರೇ ಬರೆಯುವವರೂ ಆಗುವುದು ನನಗಂತೂ ಒಪ್ಪಿಗೆಯಿಲ್ಲ, ಆಸ್ಪತ್ರೆಯಲ್ಲಿ ಸಂಬಳಕ್ಕಿರುವ ಫಾರ್ಮಸಿಸ್ಟರ ಮಾತು ಬೇರೆ.

ನಮ್ಮಲ್ಲಿ ದಾರಿ ಪೂರ್ತಿ ಮುಚ್ಚಿಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಮು, ಸೀಮಿತ ಪರವಾನಗಿ ಪಡೆದ ಸಮುದಾಯ ಆರೋಗ್ಯ ಸೇವಾದಾರರು ಪ್ರಾಥಮಿಕ ಹಾಗೂ ಮುಂಜಾಗ್ರತಾ ಆರೈಕೆಯಲ್ಲಿ ನಿಗದಿತ ಔಷಧಗಳನ್ನು ಸ್ವತಂತ್ರವಾಗಿ ಬರೆಯಲು ಅವಕಾಶ ಕೊಟ್ಟಿದೆ; ವೈದ್ಯರ ಸಂಘಟನೆಗಳು ಇದನ್ನು ವಿರೋಧಿಸಿ ಬೀದಿಗಿಳಿದದ್ದು ತಮಗೆ ನೆನಪಿರಬಹುದು. ವೈದ್ಯರು ಆರಂಭಿಸಿದ ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಪರೀಕ್ಷಿಸಿ ಮುಂದುವರಿಸುವುದು, ಭೇದಿಯಾದ ಮಗುವಿಗೆ ಓ.ಆರ್.ಎಸ್. ಮತ್ತು ಜಿಂಕ್ ಬರೆಯುವುದು, ಇವುಗಳಿಂದ ಆರಂಭವಾಗಲಿ ಎಂಬುದು ನನ್ನ ಅಭಿಪ್ರಾಯ. ತಿಂಗಳ ಗುಳಿಗೆಗಾಗಿ ಒಂದು ದಿನದ ಕೂಲಿ ಬಿಟ್ಟು ಕೊಪ್ಪಳದ ಬಸ್ಸು ಹತ್ತುವವರಿಗೆ ಅಷ್ಟೇ ದೊಡ್ಡ ಉಪಕಾರ. ಆ್ಯಂಟಿಬಯಾಟಿಕ್ ಮಾತ್ರ ಸದ್ಯಕ್ಕೆ ಬೇಡ: ಕೆಲವು ಆ್ಯಂಟಿಬಯಾಟಿಕ್‌ಗಳೂ ಸೇರಿರುವ ಎಚ್1 ಅನುಸೂಚಿಯ (ಕಟ್ಟುನಿಟ್ಟಾಗಿ ಮಾರಬೇಕಾದ ಔಷಧಗಳ ಸರ್ಕಾರಿ ಪಟ್ಟಿ) ಔಷಧ ಮಾರುವ ಅಂಗಡಿಯೇ ಅದರ ಲೆಕ್ಕದ ವಹಿಯನ್ನು 3 ವರ್ಷ ಇಡಬೇಕಾಗಿರುವಾಗ, ಬರೆಯುವವರ ವಹಿ ಅದಕ್ಕಿಂತ ಸಡಿಲವಾಗಿರಬಾರದು.

ತಮ್ಮಲ್ಲಿ ಒಂದು ಕೋರಿಕೆ. ಕಳೆದ ತಿಂಗಳು ತಾವು ಎಷ್ಟು ಜನರಿಗೆ ಗುಳಿಗೆ ಕೊಡದೆ ದೊಡ್ಡ ಆಸ್ಪತ್ರೆಗೆ ಕಳುಹಿಸಿದಿರಿ, ಏಕೆ ಕಳುಹಿಸಿದಿರಿ ಎಂಬುದನ್ನು ಹೆಸರುಗಳನ್ನು ಬಿಟ್ಟು ಬರೆದು ತಿಳಿಸಿದರೆ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ