ಕ್ಯಾಟಲಿನ್ ಸ್ಟಾರ್ಕ್ ಮರಳಿ ಬಾರದಿರುವ ಬಗ್ಗೆ

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿಗಳಲ್ಲಿ ಸತ್ತ ಮೇಲೂ ಎದ್ದು ಬರುವ, ಸ್ಟಾರ್ಕ್ ಮನೆತನದ ತಾಯಿ ಕ್ಯಾಟಲಿನ್, ಅವುಗಳನ್ನು ಆಧರಿಸಿದ ‘ಗೇಮ್ ಆಫ್ ಥ್ರೋನ್ಸ್’ ಟಿವಿ ಸರಣಿಯಲ್ಲಿ ಏಕೆ ಹಾಗೆ ಮರಳಿ ಬರಲಿಲ್ಲ, ಅದರಿಂದ ಕಥೆಗೆ ನಷ್ಟವಾಯಿತೇ ಎಂದು ತಾವು ಕೇಳಿದ್ದೀರಿ. ಮುಂದೆ ಕಥಾನಾಯಕರಲ್ಲೊಬ್ಬನಾದ ಜಾನ್ ಸ್ನೋ ಸತ್ತು ಬದುಕಿ ಬರಲಿದ್ದುದರಿಂದ, ಪುನರ್ಜೀವಗಳು ಹೆಚ್ಚಾದರೆ ಸಾವಿನ ತೂಕವೇ ಕಡಿಮೆಯಾಗುತ್ತದೆ ಎಂಬುದು ನಿರ್ಮಾಪಕರು ಕೊಟ್ಟ ಕಾರಣಗಳಲ್ಲೊಂದು. ಈ ವಾದವನ್ನು ನಾನು ಒಪ್ಪಲಾರೆ. ಕಾದಂಬರಿಯಲ್ಲಿ, ತಾನೇ ಹಲವು ಬಾರಿ ಸತ್ತು ಬದುಕಿದ್ದ ಯೋಧ ಬೆರಿಕ್ ಡೊಂಡಾರಿಯನ್ ತನ್ನ ಪ್ರಾಣವನ್ನೇ ಆಕೆಗೆ ಧಾರೆಯೆರೆದು ಇಲ್ಲವಾಗುತ್ತಾನೆ. ಎದ್ದು ಬಂದವಳಾದರೋ ಮಕ್ಕಳಿಗಾಗಿ ಮರುಗುತ್ತಿದ್ದ ಆ ತಾಯಿಯಲ್ಲ, ಸೀಳಿದ ಕತ್ತಿನಿಂದ ಮಾತೂ ಸರಿಯಾಗಿ ಹೊರಡದ, ತನ್ನನ್ನು ಕೊಂದ ಫ್ರೇ ಮನೆತನದವರನ್ನು ಹುಡುಕಿ ಹುಡುಕಿ ನೇಣಿಗೇರಿಸುವ ಸೇಡಿನ ಮೂರ್ತಿ. ಮರಳಿ ಬಂದವರು ಮೊದಲಿನವರಾಗಿ ಉಳಿಯುವುದಿಲ್ಲ ಎಂಬ ಕಠೋರ ಸತ್ಯ ಓದುಗರಿಗೆ ಅಲ್ಲಿ ಮನದಟ್ಟಾಗುತ್ತದೆ. ಆದರೆ ಸರಣಿಯಲ್ಲಿ ಆ ತ್ಯಾಗವೇ ನಡೆಯುವುದಿಲ್ಲ; ಬೆರಿಕ್ ಎಂಟನೆಯ ಸೀಸನ್‌ವರೆಗೂ ಬದುಕುತ್ತಾನೆ. 2016ರ ಆರನೆಯ ಸೀಸನ್‌ನಲ್ಲಿ ಜಾನ್ ಕಣ್ತೆರೆದಾಗ ನಮಗೆ ಸಂತೋಷವಾಯಿತೇ ಹೊರತು, ಆಗಬೇಕಿದ್ದ ಭಯ ಆಗಲೇ ಇಲ್ಲ.